ಎರಡು ಮನೆಗಳ ನಡುವಿನ ಸಂದಿ

ಸೊಲ್ಲಾಪುರ ರಸ್ತೆ, ವಿಜಾಪುರ
೧೪ ಫೆಬ್ರುವರಿ ೧೯೬೧

ಕಾಳವ್ವನ ಅಪ್ಪನವರ ಪಾದಗಳಿಗೆ ರೇಣುಕವ್ವ ಮಾಡುವ ನಮಸ್ಕಾರ.

ಜ್ವರ ಪೂರ್ತಿ ಬಿಟ್ಟಿತೇ? ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಬಿಸಿಯಲ್ಲಿ ನಿಂತು ದುಡಿಯುವವರು ಹೊತ್ತಿಗೆ ಸರಿಯಾಗಿ ಉಣ್ಣಬೇಕು. ಇಲ್ಲಿ ಮಗಳು ಕಾಳವ್ವ ಚೆನ್ನಾಗಿದ್ದಾಳೆ. ಹಲ್ಲು ಬರುತ್ತಿವೆ, ಕೈಗೆ ಸಿಕ್ಕಿದ್ದೆಲ್ಲ ಕಡಿಯುತ್ತಾಳೆ.

ನಿಮಗೆ ಚಿಂತೆ ಹಚ್ಚಬಾರದೆಂದು ಹೊಸ ಮನೆಯ ವಿಷಯ ಬರೆದಿರಲಿಲ್ಲ. ಮುನಸಿಪಾಲಿಟಿಯ ಓವರ್‌ಸಿಯರು ಬಂದು ಸುಣ್ಣದ ಗೆರೆ ಎಳೆದರು. ಗೋಡೆ ರಸ್ತೆಯಿಂದ ಹಿಂದೆ ಸರಿಯಬೇಕು, ಪಕ್ಕದ ಇಸಾಕನ ಮನೆಗೂ ನಮಗೂ ನಡುವೆ ಆಳು ಓಡಾಡುವಷ್ಟು ಸಂದಿ ಬಿಡಬೇಕು, ಈಗ ಕಾನೂನು ಹಾಗಿದೆ ಎಂದರು. ಅವರು ಹೋದ ಮರುದಿನವೇ ಮಾವನವರು ಗೆರೆ ಅಳಿಸಿ, ಇಸಾಕನ ಗೋಡೆಗೆ ಹತ್ತಿಸಿಯೇ ಪಾಯ ತೋಡಿಸಿದರು. "ಮುಂದ ರಸ್ತಾಕ್ಕ ಬಿಟ್ಟೆ. ಬಾಜೂಕ ಗಾಳಿಗೂ ಬಿಡು ಅಂದ್ರ ನಾ ಎಲ್ಲೆ ಇರ್ಲಿ? ನಮ್ಮ ಹಿರ್ಯಾರು ಗ್ವಾಡಿಗೆ ಗ್ವಾಡಿ ಹಚ್ಚೇ ಬಾಳ್ಯಾರ" ಎನ್ನುತ್ತಾರೆ. ಅವರದೇ ತಪ್ಪೆನ್ನಲಾರೆ. ನಿಮ್ಮ ತಮ್ಮನ ಅಂಗಡಿಗೆಂದು ಆಸೆಪಟ್ಟ ಕೋಣೆ ಆ ಸಂದಿಗೇ ಹೋಗುತ್ತದೆ.

ಆದರೆ ಆ ಕಡೆಯ ಗೋಡೆಯಲ್ಲೇ ಇಸಾಕನ ತಾಯಿಯ ಕಿಟಕಿ ಇದೆ. ಮುದುಕಿಗೆ ಎದೆರೋಗ. ಗಾಳಿ ಬೆಳಕು ತಪ್ಪಿಸಬೇಡಿರೆಂದು ಡಾಕ್ಟರು ಹೇಳಿ, ಹಾಸಿಗೆ ಅಲ್ಲೇ ಹಾಕಿಸಿದ್ದಾರೆ. ಆ ಮನೆಗೆ ಬೇರೆ ಕಿಟಕಿಯಿಲ್ಲ. ಪಾಯ ನೋಡಿ ಆಕೆ ಜಗಳಕ್ಕೆ ಬರಲಿಲ್ಲ. "ರೇಣುಕಾ, ಗ್ವಾಡಿ ಏಳೂತನಕ ಕೂಸಿನ್ನ ದಿನಾ ಇಲ್ಲೆ ತಂದು ತೋರ್ಸವ್ವಾ" ಎಂದಳು, ಅಷ್ಟೇ. ಮದುವೆಯಾಗಿ ಬಂದ ಮೇಲೆ ಮೊದಲ ಸಲ, ಸಂದಿ ಬಿಡಿರೆಂದು ಮಾವನವರಿಗೆ ಎದುರಾಡಿದೆ. "ನೀ ನಮ್ಮನಿ ಸೊಸಿಯೋ, ಮುನಸಿಪಾಲ್ಟಿ ಸೊಸಿಯೋ?" ಎಂದರು. ಅಂದಿನಿಂದ ನಾನು ಬಡಿಸಿದ್ದನ್ನು ಮುಟ್ಟುತ್ತಿಲ್ಲ. ಹಿರಿಯರು ಉಪವಾಸ ಮಲಗುವುದನ್ನು ನೋಡಿಕೊಂಡು ನಾನು ಹೇಗೆ ಉಣ್ಣಲಿ?

ಮೈ ಜೋಪಾನ. ಮಗಳ ಮೇಲೆ ನಿಮ್ಮ ಆಶೀರ್ವಾದವಿರಲಿ.

ನಿಮ್ಮ
ರೇಣುಕವ್ವ

ತಾ.ಕ.: ಕಾಗದ ಮಡಿಚುವಷ್ಟರಲ್ಲಿ ಗೋಡೆ ಕಟ್ಟುವ ಗೌಂಡಿ ಅಮೀನಸಾಬ ಕಲ್ಲು ತಂದ. ನಾನು ಕೂಸನ್ನೆತ್ತಿಕೊಂಡು ಪಾಯದೊಳಗೆ ಇಳಿದು ಕುಳಿತೆ. ಮಾವನವರು ಏಳು ಎಂದರು, ಏಳಲಿಲ್ಲ. "ಹೆಣ್ಮಗಳು ಕುಂತಲ್ಲೆ ನಾ ಕಲ್ಲ ಇಡಾಂಗಿಲ್ರಿ" ಎಂದು ಅಮೀನಸಾಬ ಗಾರೆಯ ಕರಣಿ ತೊಳೆದುಕೊಂಡು ಹೋದ. ನಾಳೆ ಬೇರೆಯವನನ್ನು ಕರೆಸುತ್ತಾರಂತೆ. ಜಾಗ ನಿಮ್ಮ ಹೆಸರಿನಲ್ಲಿದೆ. ಸಂದಿ ಬಿಡಿರೆಂದು ನಿಮ್ಮ ಅಪ್ಪನಿಗೆ ನೀವೇ ಬಂದು ಹೇಳಿರಿ. ಕಟ್ಟಿರೆಂದು ಹೇಳುವುದಾದರೆ ಬರಬೇಡಿರಿ, ನಾನು ಇಲ್ಲೇ ಕುಳಿತಿರುತ್ತೇನೆ.