ಹತ್ತನೇ ಇನಿಂಗ್ಸಿನ ಖಾಲಿ ಚೌಕ

ಅಪ್ಪಾ,

ಇವತ್ತು ಮಧ್ಯಾಹ್ನ ಮಿಲ್ವಾಕಿ ಮೈದಾನದಲ್ಲಿ ನಿನ್ನ ಸೀಟಿನಲ್ಲಿ ಕೂತು, ನಿನ್ನ ಸ್ಕೋರ್ ಪುಸ್ತಕದಲ್ಲೇ ಬೇಸ್‌ಬಾಲ್ ಪಂದ್ಯ ಬರೆದುಕೊಂಡೆ. ಒಂಬತ್ತು ಇನಿಂಗ್ಸ್ ಮುಗಿದರೂ ಎರಡೂ ತಂಡ ಸಮ. ಹತ್ತನೆಯದಕ್ಕೆ ಹೊಸ ನಿಯಮದಂತೆ ಬ್ಯಾಟಿಂಗ್ ತಂಡದ ಒಬ್ಬನನ್ನು, ಅವನು ಚೆಂಡು ಹೊಡೆದು ಓಡದಿದ್ದರೂ, ಪುಕ್ಕಟೆಯಾಗಿ ಅರ್ಧ ದಾರಿಯ ಎರಡನೇ ಬೇಸಿನಲ್ಲಿ ನಿಲ್ಲಿಸಿದರು. ಅವನು ಅಲ್ಲಿಗೆ ಹೇಗೆ ಬಂದ ಎಂದು ಬರೆಯಬೇಕಾದ ಚೌಕವನ್ನು ನೀನು ಹಟಕ್ಕೆ ಖಾಲಿ ಬಿಡುತ್ತಿದ್ದೆ. ನಾನೂ ಬಿಟ್ಟೆ.

ಪಕ್ಕದ ಸೀಟಿನ ನಿನ್ನ ಗೆಳೆಯ ವೆಂಡೆಲ್ ಸಾಸೇಜ್ ಅಗಿಯುತ್ತ ಇಣುಕಿದ. "ಏನಮ್ಮ, ನೀನೂ ಅಪ್ಪನ ಪಾರ್ಟಿ ಸೇರಿದ್ಯಾ? ಈ ನಿಯಮ ಬಂದಾಗ ಅವನ ಜೊತೆ ಜಗಳ ಆಡಿದ್ಯಲ್ಲ."

"ಈಗ್ಲೂ ಒಳ್ಳೇದೇ ಅಂತೀನಿ. ಬೇಗ ಮುಗಿಯುತ್ತೆ. ಜನಕ್ಕೆ ಮಾರನೇ ದಿನ ಕೆಲಸ ಇರುತ್ತೆ."

ಬೇಗನೇ ಮುಗಿಯಿತು. ಎದುರು ತಂಡಕ್ಕೆ ಓಟ ಸಿಗಲಿಲ್ಲ; ನಮ್ಮ ಸರದಿಯಲ್ಲಿ ನಮ್ಮವನು ಎರಡನೇ ಎಸೆತಕ್ಕೇ ಹೊಡೆದ, ಪುಕ್ಕಟೆ ನಿಂತಿದ್ದವನು ಓಡಿಬಂದ, ಗೆದ್ದೆವು. ವೆಂಡೆಲ್ ಟೋಪಿ ಸರಿಮಾಡಿಕೊಂಡು ಹೊರಟ.

ನೀನು ಮಲಗಿದ್ದ ಆಸ್ಪತ್ರೆಯ ಟೀವಿಯಲ್ಲಿ ನಾವಿಬ್ಬರೂ ನೋಡಿದ ಆ ಕೊನೆಯ ಪಂದ್ಯವೂ ಒಂಬತ್ತು ಇನಿಂಗ್ಸಿಗೆ ಸಮವಾಗಿತ್ತು. "ಇದೊಂದು ಇನಿಂಗ್ಸ್ ನೋಡ್ಕೊಂಡು ಹೋಗೇ" ಅಂದೆ ನೀನು. ನಾಳೆ ಕೆಲಸ ಇದೆ ಎಂದು ಎದ್ದು ಬಂದೆ.

ನಾಳೆಯೂ ಕೆಲಸ ಇದೆ. ಆದರೂ ಇವತ್ತು ಕಸ ಗುಡಿಸುವವರು ಬಂದು "ಏಳಮ್ಮ" ಅನ್ನುವವರೆಗೂ ಕೂತಿದ್ದೆ.

ನಿನ್ನ ಮಗಳು,
ಹೆಡ್ವಿಗ್