ಯಂ ಅಂದಾಗ ಬರುವ ನೋವು

ಸಿದ್ದಾಪುರ,
೮ ಆಗಸ್ಟ್ ೨೦೨೫, ಮುಂಜಾನೆ

ನಮ್ಮ ಮನೆಯ ಧ್ಯಾನಿಗಳಿಗೆ ಶೋಭಾಳ ನಮಸ್ಕಾರ.

ಹೇಗಿದ್ದೀರಿ? ಶಿಬಿರದ ಸಪ್ಪೆ ಊಟ ಹೊಂದುತ್ತಿದೆಯೇ? ಖಾರವಿಲ್ಲದೆ ಒಂದು ತುತ್ತೂ ಇಳಿಯದ ನೀವು ಅಲ್ಲಿ ಏನು ತಿನ್ನುತ್ತೀರೋ ಎಂದು ದಿನಾ ನೆನೆಯುತ್ತೇನೆ. ಫೋನ್ ಮಾಡಿದರೆ ಶಿಬಿರದ ಆಫೀಸಿನವರು, "ಅವರು ಮೌನದಾಗ ಅದಾರ್ರಿ, ಚೀಟಿ ಕಳಸ್ರಿ" ಎಂದರು. ಅಕ್ಕಿ ಲೋಡ್ ತೆಗೆದುಕೊಂಡು ಅಕ್ಬರಣ್ಣ ಆ ಕಡೆಗೇ ಹೊರಟಿದ್ದಾನೆ. ಅವನ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ.

ನಾನಂತೂ ಆರಾಮ. ಅತ್ತೆಯವರದೇ ಚಿಂತೆ. ಹೋಗುವ ಮುಂಚೆ ನೀವು ಅವರಿಗೆ ಮೈಯ ಒಂದೊಂದು ಚಕ್ರಕ್ಕೆ ಒಂದೊಂದು ಬೀಜಮಂತ್ರ ಹೇಳಿಕೊಟ್ಟಿರಲ್ಲ, ಈಗ ನಿಮ್ಮನ್ನೂ ಮೀರಿಸಿದ್ದಾರೆ. ಭತ್ತದ ನಾಟಿಗೆ ಹೋದರೆ ಕೆಸರಿನಲ್ಲಿ ಕಾಲೂರಿ "ಲಂ" ಎನ್ನುತ್ತಾರೆ, ಅದು ಭೂಮಿಯ ಅಕ್ಷರವಂತೆ. ಕಾಲುವೆ ನೀರು ಕಂಡರೆ "ವಂ", ಒಲೆ ಮುಂದೆ "ರಂ". ಜೊತೆಯ ಹೆಂಗಸರು ಮೊದಲು ನಕ್ಕರು, ಈಗ ತಾವೂ ಅನ್ನತೊಡಗಿದ್ದಾರೆ. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು.

ಈ ವಾರ ಎದೆಯ ಚಕ್ರಕ್ಕೆ ಬಂದರು ನೋಡಿ. ಹಸಿರು ಕಮಲ ನೆನೆದು "ಯಂ" ಎನ್ನುವಾಗ ಎದೆ ಹಿಂಡಿದಂತಾಗಿ ಬೆವರುತ್ತಾರೆ. ನಿನ್ನೆ ನೀರಿನ ಕೊಡ ಎತ್ತುವಾಗಲೂ ಹಾಗೇ ಆಯಿತು, ಆಗ ಮಂತ್ರವೂ ಇರಲಿಲ್ಲ. ದವಾಖಾನೆಗೆ ಹೋಗೋಣ ಎಂದರೆ, "ಹೂ ಅರಳಾಕ ಹತ್ತೈತವ್ವ, ಅಂಜಬ್ಯಾಡ. ಏನಾದ್ರೂ ಆಗಲಿ, ಧ್ಯಾನದ ನಡುವ ಏಳಬ್ಯಾಡ ಅಂತ ನನ್ನ ಮಗ ಹೇಳ್ಯಾನ" ಎನ್ನುತ್ತಾರೆ. ನೀವು ಹೇಳಿದ್ದು ಸೊಳ್ಳೆ ಕಡಿತಕ್ಕೋ ಮಂಡಿ ನೋವಿಗೋ ಇರಬೇಕು. ಅವರು ಎದೆನೋವಿಗೂ ಅದನ್ನೇ ಹಿಡಿದು ಕೂತಿದ್ದಾರೆ. ನನಗೆ ಭಯವಾಗಿದೆ, ನಿಮ್ಮ ಮೇಲೆ ಸಿಟ್ಟೂ ಬಂದಿದೆ. ನನ್ನ ಮಾತು ಅವರ ಕಿವಿಗೇ ಹೋಗುವುದಿಲ್ಲ.

ಮೈ ಕಡೆ ಲಕ್ಷ್ಯವಿರಲಿ. ನೆಲದ ಮೇಲೆ ಬರೀ ಚಾಪೆ ಹಾಸಿ ಮಲಗಬೇಡಿ.

ನಿಮ್ಮ
ಶೋಭಾರಾಣಿ

ತಾ.ಕ.: ಚೀಟಿ ಮಡಚುವಷ್ಟರಲ್ಲಿ ಅತ್ತೆ ಮತ್ತೆ ಎದೆ ಹಿಡಿದು ಕೂತರು. ತಡೆಯಲಾರದೆ ಅವರಿಗೆ, ನಿಮ್ಮ ಫೋನ್ ಬಂದಿತ್ತು, "ಮೊದಲ ಗಂಗಾವತಿ ದವಾಖಾನಿಗೆ ಹೋಗು, ಮಂತ್ರ ಆಮ್ಯಾಲೆ" ಅಂದಿರಿ ಎಂದುಬಿಟ್ಟೆ. "ತಾಳಿ ಮುಟ್ಟಿ ಹೇಳು" ಎಂದರು. ಮುಟ್ಟಿ ಹೇಳಿದೆ. ತಾಳಿಯ ಮೇಲಿನ ಸುಳ್ಳು ಯಾರ ಜೀವಕ್ಕೆ ತಗಲುತ್ತದೆಂದು ಗೊತ್ತಿದ್ದೂ ಹೇಳಿದೆ. ಈಗ ಅವರು ಸೀರೆ ಬದಲಿಸುತ್ತಿದ್ದಾರೆ, ಆಟೋ ಬಾಗಿಲಲ್ಲಿದೆ. ಇದನ್ನು ಓದಿದ ಕೂಡಲೇ ಮೌನ ಮುರಿದು ಫೋನ್ ಮಾಡಿ, ಅವರಿಗೆ ಆ ಮಾತನ್ನೇ ಹೇಳಿ. ನಿಮ್ಮ ಬಾಯಿಂದ ಬಂದರೆ ನನ್ನ ಆಣೆ ಸುಳ್ಳಾಗುವುದಿಲ್ಲ.