ಗೆರೆ ನೆಟ್ಟಗೇ ಇತ್ತು, ದೊಡ್ಡಮ್ಮ

ಓದಲು ಈಗ ಯಾರ ಕಣ್ಣೂ ಬೇಡದ ನನ್ನ ದೊಡ್ಡಮ್ಮನಿಗೆ,

ಶಿವಮೊಗ್ಗದ ಕಣ್ಣಿನ ಡಾಕ್ಟರು ಚೌಕುಳಿ ಗೆರೆಗಳ ಕಾಗದವೊಂದನ್ನು ಮುಂದೆ ಹಿಡಿದಾಗ ನೀನು ನಕ್ಕುಬಿಟ್ಟಿದ್ದೆ. "ಯಾರ್ ಬರ್ದಿದ್ದು ಇದ್ನ? ನಮ್ಮ ಸಾಗರದ ಕಡೆ ಚಿತ್ತಾರ ಕಲಿಯೋ ಹುಡ್ಗೀನೂ ಇಷ್ಟು ಡೊಂಕ್ ಎಳೆಯಲ್ಲ!" ಡಾಕ್ಟರು ನಗಲಿಲ್ಲ. ಗೆರೆಗಳೆಲ್ಲ ನೆಟ್ಟಗೇ ಇದ್ದವು. ಪುಂಡಿನಾರಿನ ಕುಂಚ ಹಿಡಿದು ಗೋಡೆಯ ಮೇಲೆ ಕೂದಲೆಳೆಯಂಥ ಗೆರೆ ಎಳೆಯುತ್ತಿದ್ದ ನಿನಗೆ ಅದನ್ನು ಹೇಗೆ ಹೇಳುವುದು? ಕಣ್ಣಿನ ಒಳಪರದೆಯ ನಡುಭಾಗ ಹಾಳಾಗುತ್ತಿದೆ ಎಂದರು. ಹೋದ ನೋಟ ಮರಳುವುದಿಲ್ಲ, ಉಳಿದದ್ದು ಬೇಗ ಹೋಗದಿರಲೆಂದು ಈ ಮಾತ್ರೆ, ನಿಲ್ಲಿಸಬೇಡಿ ಎಂದರು.

ವಾಪಸು ಬರುವ ಬಸ್ಸಿನಲ್ಲಿ ನೀನು "ಎಂತ ಮಾಡ್ತವೆ ಇವು?" ಎಂದು ಕೇಳಿದೆ. ನಾನಾಗ ಎಂ.ಎಸ್ಸಿ. ಮುಗಿಸಿ ಹೊಸನಗರದ ಕಾಲೇಜಿಗೆ ಪಾಠ ಹೇಳಲು ಸೇರಿದ ಹುರುಪಿನಲ್ಲಿದ್ದೆ; ನಿನಗೂ ಪಾಠ ಶುರುಮಾಡಿದೆ. ಕಣ್ಣಿನ ಪರದೆಗೆ ದಿನವಿಡೀ ಬೆಳಕು, ಬೇಕಾದಷ್ಟು ಆಮ್ಲಜನಕ. ಅಲ್ಲಿ ಎಲೆಕ್ಟ್ರಾನ್ ಕಳೆದುಕೊಂಡ ಹಸಿದ ಕಣಗಳು ಹುಟ್ಟುತ್ತವೆ. ಪಕ್ಕದಲ್ಲಿರುವುದರಿಂದ ಕಿತ್ತುಕೊಳ್ಳುತ್ತವೆ, ಕಿತ್ತಲ್ಲೆಲ್ಲ ಹಾಳು. ಈ ಮಾತ್ರೆಯಲ್ಲಿರುವ ಇ ವಿಟಮಿನ್ ಜೀವಕೋಶದ ಕೊಬ್ಬಿನ ಪೊರೆಯಲ್ಲಿ ಕೂತು, ತನ್ನದನ್ನೇ ಕೊಟ್ಟು ಅವನ್ನು ಸುಮ್ಮನಾಗಿಸುತ್ತದೆ. ಕೊಟ್ಟು ಬರಿದಾದ ಅದಕ್ಕೆ ಸಿ ವಿಟಮಿನ್ ಮತ್ತೆ ತುಂಬಿಕೊಡುತ್ತದೆ. ಇಷ್ಟು ಹೇಳಿದ್ದೇ ತಡ, "ಹಂಗಾದ್ರೆ ಹೆಂಗಸ್ರು ಅನ್ನು. ತಮ್ದು ಕೊಟ್ಟು ಮನೆ ಜಗಳ ನಿಲ್ಸೋರು!" ಎಂದು ನೀನು ನಕ್ಕ ಜೋರಿಗೆ ಕಂಡಕ್ಟರೂ ತಿರುಗಿ ನೋಡಿದ.

ನಿನ್ನ ಮಗ ಗಣಪಣ್ಣ ಆ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ್ದು ನೆನಪಿದೆಯೇ? "ವಿಟಮಿನ್ನಾ? ತಾಕತ್ತಿನ ಮಾತ್ರೆ ಇದು. ಕಣ್ಣಿಗಾದ್ರೆ ಡ್ರಾಪ್ಸ್ ಹಾಕ್ತಾರೆ, ನುಂಗ್ತಾರಾ ಯಾರಾದ್ರೂ? ಹಿತ್ಲಲ್ಲಿ ಬಸಳೆ ಐತೆ, ನೆಲ್ಲಿಕಾಯಿ ಐತೆ, ತಿನ್ಲಿ." ಬಸಳೆ ಒಳ್ಳೆಯದೇ, ಆದರೆ ಡಾಕ್ಟರು ಬರೆದ ಪ್ರಮಾಣ ಊಟದಲ್ಲಿ ಸಿಗುವುದಿಲ್ಲ ಎಂದೆ. ಕೇಳಿದನೇ? ಆ ಡಬ್ಬಿ ಖಾಲಿಯಾದ ಮೇಲೆ ಇನ್ನೊಂದು ಮನೆಗೆ ಬರಲಿಲ್ಲ. ನಾನೇ ತಂದರೆ, "ಅವ್ವನ್ನ ನೋಡ್ಕಳಕ್ಕೆ ನಾನಿಲ್ವನೆ? ಊರೋರು ಎಂತ ಅಂತಾರೆ?" ಎಂದು ನನ್ನ ಚೀಲಕ್ಕೇ ವಾಪಸು ತುರುಕಿದ. ನೀನಾದರೂ ಒಂದು ಮಾತು... ನೀನು ಹೇಳಿದ್ದು ಇಷ್ಟೇ: "ಬ್ಯಾಡ ಬಿಡೆ. ಜಗಳ ಬ್ಯಾಡ."

ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಬುಟ್ಟಿಗೆ ನೀನು ಕೊನೆಯ ಸಲ ಚಿತ್ತಾರ ಬರೆಯಲು ಕೂತಿದ್ದಾಗ ನಾನು ಬಂದೆ. ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳು ಒಂದನ್ನೊಂದು ಕೂಡದೆ ಎಲ್ಲೆಲ್ಲೋ ಹೋಗಿದ್ದವು. "ಯಾರೇ? ನಿನ್ ಓಲೆ ಕಾಣ್ತದೆ, ಮುಖ ಕಾಣಲ್ಲ ಕಣೆ." ಅಷ್ಟರಲ್ಲಿ ಅತ್ತಿಗೆ ಬಂದು ಆ ಗೆರೆಗಳ ಮೇಲೆ ಮತ್ತೆ ಕೆಮ್ಮಣ್ಣು ಬಳಿದಳು. ಅದು ನಿನಗೆ ಕಂಡಿತೇ, ಇಲ್ಲವೇ? ನೀನು ತೀರಿಕೊಳ್ಳುವವರೆಗೂ ಕೇಳುವ ಧೈರ್ಯ ನನಗೆ ಬರಲಿಲ್ಲ. ಮಾತ್ರೆ ನುಂಗಿದ್ದರೆ ನೋಟ ಉಳಿಯುತ್ತಿತ್ತು ಎಂದು ಎದೆ ತಟ್ಟಿ ಹೇಳಲಾರೆ. ತಡವಾಗಿ ಹೋಗುತ್ತಿತ್ತೇನೋ. ಇನ್ನೊಂದೆರಡು ಬುಟ್ಟಿ, ಮೊಮ್ಮಗಳ ಮದುವೆಗೆ ಒಂದು ಗೋಡೆ... ಅಷ್ಟಾದರೂ ನಿನಗೆ ಸಿಗಬಾರದಿತ್ತೇ?

ಹೋದ ವಾರ ಗಣಪಣ್ಣ ಹೊಸನಗರಕ್ಕೆ ನಮ್ಮ ಮನೆಗೆ ಬಂದಿದ್ದ. ಅವನಿಗೂ ಬಾಗಿಲ ಚೌಕಟ್ಟು ಬಗ್ಗಿದಂತೆ ಕಾಣುತ್ತಿದೆ. ಶಿವಮೊಗ್ಗಕ್ಕೆ ತೋರಿಸಿಕೊಂಡು ಬಂದಿದ್ದಾನೆ. ಅಂಥದೇ ಮಾತ್ರೆ ಬರೆದಿದ್ದಾರೆ. "ಒಂದಿನಾನೂ ತಪ್ಪಿಸ್ಬಾರ್ದಂತೆ ತಂಗಿ. ವಿಟಮಿನ್ ಅಂದ್ರೆ ಸುಮ್ನೆ ಅಲ್ಲ" ಎಂದು ನನಗೇ ಪಾಠ ಹೇಳಿದ. ದೊಡ್ಡಮ್ಮನಿಗೂ ಇದನ್ನೇ ಕೊಟ್ಟಿದ್ದರಲ್ಲ ಎಂದೆ.

"ಅವ್ವಂಗೆ ವಯಸ್ಸಾಗಿತ್ತಲ್ಲೆ."

"ಆಗ ದೊಡ್ಡಮ್ಮಂಗೆ ನಿನ್ನ ಈಗಿನ ವಯಸ್ಸೇ, ಅಣ್ಣ."

ಅವನು ನೀರು ಕೇಳಿ ಮಾತ್ರೆ ನುಂಗಿದ. ನೀರು ತಂದುಕೊಟ್ಟವಳು ನಾನೇ.

ಅವನು ಮಾತ್ರೆ ಬಿಡದಂತೆ ನೋಡಿಕೊಳ್ಳುತ್ತೇನೆ, ದೊಡ್ಡಮ್ಮ, ಅಷ್ಟು ಮಾತು ಕೊಡುತ್ತೇನೆ. ಅವನ ಕಣ್ಣು ಉಳಿಯಲಿ ಎಂದು ಬೇಡಿಕೊಳ್ಳುವುದನ್ನು ಮಾತ್ರ ನೀನೇ ಮಾಡಿಕೋ. ನನ್ನಿಂದ ಇನ್ನೂ ಆಗುತ್ತಿಲ್ಲ.